ಮುಂದೂಡುವ ಚುಚ್ಚುಮದ್ದು

ಸರಕಾರಿ ಕಚೇರಿಯಲ್ಲಿ ಕಾಗದ ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ಯಾರಿಂದ ಬಂತು ಎಂದು ನೋಡಬೇಕು. ಆಮೇಲೆ 'ವಿಷಯ' ಎಂದು ಬರೆದು ಅಡಿಗೆರೆ ಎಳೆದಿರುವ ಸಾಲು ಓದಬೇಕು. ಅಲ್ಲಿಗೆ ಓದು ಮುಗಿಯಿತು. ಅದರ ಕೆಳಗೆ ಬರೆದವನು ತನ್ನ ಗೋಳನ್ನೆಲ್ಲ ತೋಡಿಕೊಂಡಿರಲಿ, ಓದುತ್ತ ಕೂತರೆ ಸಂಜೆಯೊಳಗೆ ಟಪಾಲು ಖಾಲಿಯಾಗುವುದಿಲ್ಲ. ಇದನ್ನು ನನಗೆ ಹಿರಿಯರೊಬ್ಬರು ಕಲಿಸಿದರು, ನಾನು ನನ್ನ ಕೈಕೆಳಗೆ ಬಂದವರಿಗೆಲ್ಲ ಕಲಿಸಿದೆ. ವಿಷಯ ಓದಿದ ಕೂಡಲೇ ಕಾಗದ ಯಾವ ಮೇಜಿಗೆ ಹೋಗಬೇಕೆಂದು ಹೊಳೆಯದಿದ್ದರೆ ಅವನು ಗುಮಾಸ್ತನೇ ಅಲ್ಲ ಎಂದು ಹೇಳುತ್ತಿದ್ದೆ.

ಕಾರವಾರದಲ್ಲಿ ಆರೋಗ್ಯಕ್ಕೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಯಾವ ಕಚೇರಿ ಎಂದು ಕೇಳಬೇಡಿ, ನನಗೆ ಇನ್ನೂ ಸರ್ವೀಸು ಉಳಿದಿದೆ. ಹೆಸರು ಹರಿಶ್ಚಂದ್ರ. ಈ ಹೆಸರಿಟ್ಟುಕೊಂಡು ಸರಕಾರಿ ನೌಕರಿ ಮಾಡುವವನನ್ನು ಎಷ್ಟು ಬಗೆಯಲ್ಲಿ ಹಾಸ್ಯ ಮಾಡಬಹುದೋ ಅಷ್ಟನ್ನೂ ಕೇಳಿ ಮುಗಿಸಿದ್ದೇನೆ. ಮನೆ ಬೆಳಂಬಾರದಲ್ಲಿ. ಬೆಳಿಗ್ಗೆ ಟೆಂಪೋ ಹಿಡಿದು ಅಂಕೋಲೆ, ಅಲ್ಲಿಂದ ಬಸ್ಸಿನಲ್ಲಿ ಕಾರವಾರ. ಹೆಂಡತಿ ದೀಪಾಲಿ ಕಾರವಾರದವಳು. ತವರಿನವರ ಹತ್ತಿರ ಕೊಂಕಣಿ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ಎರಡೂ ಇಲ್ಲ, ಪಾತ್ರೆಯ ಸದ್ದು ಮಾತ್ರ. ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು ವಿಜೇತಾ.

ಎರಡು ಸಾವಿರದ ಆರನೇ ಇಸವಿ, ವಿಜೇತಾ ಎರಡನೇ ಇಯತ್ತೆಯಲ್ಲಿದ್ದಳು. ಅವಳ ಶಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರು, ಗಿಡ್ಡವರು ಮುಂದೆ, ಉದ್ದದವರು ಹಿಂದೆ. ವಿಜೇತಾ ಸಾಲಿನ ಕಟ್ಟಕಡೆಗೆ. ಒಂದು ವರ್ಷದಲ್ಲಿ ಅವಳ ಮೂರು ಲಂಗ ಗಿಡ್ಡವಾಗಿದ್ದವು. ನನಗೋ ಹೆಮ್ಮೆ. ನಮ್ಮ ಅಜ್ಜ ಆರಡಿ ಇದ್ದ, ಅವನ ಮೈಕಟ್ಟು ಬಂದಿದೆ ಎಂದು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ದೀಪಾಲಿ ಮಾತ್ರ ಮಗಳನ್ನು ಮೀಯಿಸಿ ಬಂದಾಗಲೆಲ್ಲ ಏನೋ ಹೇಳಲು ಹೊರಟು ಸುಮ್ಮನಾಗುತ್ತಿದ್ದಳು. ಹೇಳಿದ ದಿನ ನಾನು ಕೇಳಿಸಿಕೊಳ್ಳಲಿಲ್ಲ. ಮೈ ತುಂಬಿಕೊಂಡಿರುವ ಹುಡುಗಿ, ಅಷ್ಟೇ ಎಂದೆ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಕಟ್ಟಿಗೆ ರಾಶಿಯ ಸಂದಿಯಲ್ಲಿ ದೀಪಾಲಿಗೆ ಮಗಳ ಚಡ್ಡಿ ಸಿಕ್ಕಿತು. ಅದರಲ್ಲಿ ರಕ್ತ. ಕರೆದು ಕೇಳಿದರೆ ವಿಜೇತಾ ಅಳತೊಡಗಿದಳು. ಪೇರಲ ಮರ ಹತ್ತಬೇಡ ಎಂದು ಹೇಳಿದ್ದೆವು, ಹತ್ತಿದ್ದಳು, ಇಳಿಯುವಾಗ ಜಾರಿದ್ದಳು, ಒಳಗೆಲ್ಲೋ ಏನೋ ಹರಿದುಹೋಗಿದೆ ಎಂದು ತಿಳಿದಿದ್ದಳು. ಹೊಡೆಯುತ್ತೇವೆ ಎಂದು ಹೆದರಿ ಎರಡು ದಿನದಿಂದ ಮುಚ್ಚಿಟ್ಟಿದ್ದಳು. ಅವಳಿಗೆ ಏಳೂವರೆ ವರ್ಷ. ಮುಂದಿನ ಎರಡು ಹಲ್ಲು ಆಗಷ್ಟೇ ಹುಟ್ಟುತ್ತಿದ್ದವು.

ಮಗಳು ಮುಟ್ಟಾಗಿದ್ದಳು. ಈ ಶಬ್ದವನ್ನು ಈಗ ಬರೆದೆ. ಆಗ ಬರೆಯಲಿಲ್ಲ.

ಅಂಕೋಲೆಯ ಡಾಕ್ಟರು ಮಂಗಳೂರಿನ ಒಬ್ಬ ತಜ್ಞೆಯ ವಿಳಾಸ ಕೊಟ್ಟರು. ಏಪ್ರಿಲಿನಲ್ಲಿ ಪ್ಯಾಸೆಂಜರ್ ರೈಲು ಹಿಡಿದು ಮೂವರೂ ಹೋದೆವು. ಮಗಳಿಗೆ ರೈಲಿನ ಕಿಟಕಿ ಸಿಕ್ಕಿತು, ದಾರಿಯುದ್ದಕ್ಕೂ ಸುರಂಗ ಎಣಿಸಿದಳು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ಗಡ್ಡೆ ಗಿಡ್ಡೆ ಏನೂ ಇಲ್ಲ ಎಂದಾಗ ನಾನು ದೇವರಿಗೆ ಕೈ ಮುಗಿದೆ. ಆಮೇಲೆ ಎಡಗೈಯ ಎಕ್ಸರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಬೆರಳಿನ ಎಲುಬಿನ ತುದಿಗಳಲ್ಲಿ ಕಪ್ಪು ಗೆರೆಗಳಿದ್ದವು. ಆ ಗೆರೆ ಇರುವ ತನಕ ಮಕ್ಕಳು ಬೆಳೆಯುತ್ತಾರೆ, ಗೆರೆ ಮುಚ್ಚಿತೆಂದರೆ ಮುಗಿಯಿತು ಎಂದರು. ನಿಮ್ಮ ಮಗಳ ವಯಸ್ಸು ಏಳೂವರೆ, ಅವಳ ಎಲುಬಿನ ವಯಸ್ಸು ಹನ್ನೊಂದೂವರೆ ಎಂದರು. ಈಗ ಉದ್ದ ಕಾಣುತ್ತಾಳೆ, ಹೀಗೇ ಬಿಟ್ಟರೆ ಇನ್ನೆರಡು ವರ್ಷದಲ್ಲಿ ನಿಂತುಬಿಡುತ್ತಾಳೆ, ಆಮೇಲೆ ಉಳಿದವರೆಲ್ಲ ಅವಳನ್ನು ದಾಟಿ ಹೋಗುತ್ತಾರೆ.

ಇದಕ್ಕೆ ಒಂದು ಚುಚ್ಚುಮದ್ದು ಇತ್ತು. ತಿಂಗಳಿಗೊಂದು, ಹನ್ನೊಂದು ವರ್ಷ ಆಗುವ ತನಕ. ಮೈಯಲ್ಲಿ ಹೊತ್ತಿಗೆ ಮೊದಲೇ ಶುರುವಾದದ್ದನ್ನು ಅದು ತಡೆದು ಮುಂದಕ್ಕೆ ಹಾಕುತ್ತದೆ, ನಿಲ್ಲಿಸಿದರೆ ಮೈ ತನ್ನ ಕೆಲಸ ಮತ್ತೆ ಶುರು ಮಾಡಿಕೊಳ್ಳುತ್ತದೆ. ಹೊರದೇಶಗಳಲ್ಲಿ ಇಂಥ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಕೊಡುತ್ತಿದ್ದಾರೆ ಎಂದರು. ಚುಚ್ಚಿದ ಜಾಗ ಕೆಲವರಿಗೆ ಬಾತುಕೊಳ್ಳುತ್ತದೆ, ಕೆಲವರಿಗೆ ತಲೆನೋವು ಬರುತ್ತದೆ, ಎಲುಬಿನ ಗಟ್ಟಿತನ ಆಗಾಗ ನೋಡಿಕೊಳ್ಳಬೇಕು. ಇದನ್ನೂ ಮುಚ್ಚಿಡದೆ ಹೇಳಿದರು. ನಾನು ಪೂರ್ತಿ ಸುರಕ್ಷಿತವೇ ಎಂದು ಕೇಳಿದೆ. ನನ್ನ ಮಗಳಾಗಿದ್ದರೆ ಇವತ್ತೇ ಕೊಡುತ್ತಿದ್ದೆ ಎಂದರು. ತಿಂಗಳು ತಿಂಗಳೂ ಬೆಲೆಯುಳ್ಳದ್ದು, ತಡ ಮಾಡಬೇಡಿ ಎಂದು ಎರಡು ಸಲ ಹೇಳಿದರು.

ದೀಪಾಲಿ ಸೆರಗು ಬಿಗಿದು ಎದ್ದು ನಿಂತಿದ್ದಳು, ಅಲ್ಲೇ ಮೊದಲನೆಯದು ಹಾಕಿಸಿಬಿಡೋಣ ಎಂದು. ನಾನು ವಿಚಾರ ಮಾಡಿ ಬರುತ್ತೇವೆ ಎಂದೆ. ಹಣದ ಅಡಚಣೆಯಾಗಿದ್ದರೆ ಹೇಗೋ ಆಗುತ್ತಿತ್ತು. ನನ್ನದು ಭಯ. ಆ ಭಯಕ್ಕೆ ಒಂದು ಹೆಸರಿತ್ತು, ಜಟ್ಟು.

ಜಟ್ಟು ಹಿಲ್ಲೂರಿನ ಕಡೆಯವನು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನ ಆರು ವರ್ಷದ ಮಗನಿಗೆ ಜ್ವರ ಬಂದಾಗ ಸರಕಾರಿ ದವಾಖಾನೆಯಲ್ಲಿ ಯಾರೋ ಚುಚ್ಚುಮದ್ದು ಕೊಟ್ಟರು, ಸಂಜೆಗೆ ಮಗ ಹೋದ. ಜ್ವರದಿಂದ ಹೋದನೋ ಮದ್ದಿನಿಂದ ಹೋದನೋ ಯಾರೂ ಹೇಳಲಿಲ್ಲ. ಜಟ್ಟು ಪರಿಹಾರ ಕೇಳಲಿಲ್ಲ. ಕೊಟ್ಟದ್ದು ಯಾವ ಮದ್ದು ಎಂದು ತಿಳಿಸಿ ಎಂದಷ್ಟೇ ಕೇಳಿದ. ಎರಡು ವರ್ಷ, ಪ್ರತಿ ತಿಂಗಳ ಮೊದಲ ಸೋಮವಾರ, ಚೀಲದಲ್ಲಿ ಹಿತ್ತಲ ಬಳ್ಳಿಯ ಎರಡು ಮೊಗೆಕಾಯಿ ಇಟ್ಟುಕೊಂಡು ನನ್ನ ಮೇಜಿನ ಎದುರು ಬಂದು ನಿಲ್ಲುತ್ತಿದ್ದ. ಆ ಫೈಲಿನಲ್ಲಿ ಬೇಕಾದ ಹಾಳೆಯೇ ಇರಲಿಲ್ಲ. ಕೊನೆಗೆ ನಾನೇ ಉತ್ತರ ಬರೆದೆ: ಕೇಳಿದ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. ಅವನು "ಲಭ್ಯ ಅಂದ್ರೆ ಎಂತ್ರಾ?" ಎಂದು ಕೇಳಿದ. ಸಿಗುವುದಿಲ್ಲ ಎಂದರ್ಥ ಎಂದೆ. ಮೊಗೆಕಾಯಿ ಮೇಜಿನ ಮೇಲೆ ಇಟ್ಟು ಹೋದ, ಆಮೇಲೆ ಬರಲಿಲ್ಲ. ಆ ಮೊಗೆಕಾಯಿಯ ಹುಳಿಯನ್ನು ನಾವು ಉಂಡಿದ್ದೇವೆ.

ಇಷ್ಟನ್ನು ಕಣ್ಣಾರೆ ಕಂಡವನಿಗೆ ಸರಕಾರದ ಮೇಲೆ ನಂಬಿಕೆ ಹೋಗಬೇಕಿತ್ತು. ನನ್ನ ತಲೆ ಉಲ್ಟಾ ಓಡಿತು. ಬಾಯಲ್ಲಿ ಹೇಳಿದ ಮಾತಿಗೆ ಯಾರೂ ಹೊಣೆಯಲ್ಲ, ಸೀಲು ಹೊಡೆದು ಸಹಿ ಮಾಡಿದ ಕಾಗದಕ್ಕೆ ಒಬ್ಬನಾದರೂ ಹೊಣೆ ಎಂಬುದು ನಾನು ಕಲಿತ ಪಾಠ. ಮಾಹಿತಿ ಹಕ್ಕಿನ ಕಾಯದೆ ಬಂದು ಆರು ತಿಂಗಳಾಗಿತ್ತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕೇಳಿದರೆ ಮೂವತ್ತು ದಿನದಲ್ಲಿ ಸರಕಾರ ಉತ್ತರ ಕೊಡಲೇಬೇಕು. ನಾವು ಅದರ ತರಬೇತಿಗೆಂದು ಎರಡು ದಿನ ಕೂತು ಉಪ್ಪಿಟ್ಟು ತಿಂದು ಬಂದಿದ್ದೆವು. ಈ ಮದ್ದು ಮಕ್ಕಳಿಗೆ ಸುರಕ್ಷಿತವೇ, ಎಷ್ಟು ಮಕ್ಕಳಿಗೆ ಕೊಟ್ಟಿದ್ದಾರೆ, ಏನಾಯಿತು ಎಂದು ಸರಕಾರವೇ ಬರೆದು ಕೊಡಲಿ, ಆಮೇಲೆ ಚುಚ್ಚಿಸೋಣ ಎಂದೆ. ಒಂದು ತಿಂಗಳು ತಾನೇ.

ಇಲಾಖೆಯ ನೌಕರ ಇಲಾಖೆಗೇ ಅರ್ಜಿ ಹಾಕಿದರೆ ಮೇಲಿನವರ ಕಣ್ಣಿಗೆ ಬೀಳುತ್ತಾನೆ. ಆದ್ದರಿಂದ ಅರ್ಜಿ ದೀಪಾಲಿಯ ಹೆಸರಿನಲ್ಲಿ. ಒಂದು ಭಾನುವಾರ ಬೆಳಿಗ್ಗೆ ಕೂತು ಬರೆದೆ. ನನ್ನ ಕೈಬರಹಕ್ಕೆ ಕಚೇರಿಯಲ್ಲಿ ಹೆಸರಿದೆ. ಯಾರಿಂದ, ಯಾರಿಗೆ, ಮಾನ್ಯರೇ, ಎಲ್ಲ ಸರಾಗವಾಗಿ ಬಂತು. ವಿಷಯ ಎಂದು ಬರೆದು ಅಡಿಗೆರೆ ಎಳೆದ ಮೇಲೆ ಪೆನ್ನು ನಿಂತಿತು. ಬೇರೆಯವರ ಎಂಥೆಂಥ ವಿಷಯಗಳನ್ನೋ ಬರೆದಿದ್ದ ನನಗೆ ನನ್ನ ಮಗಳ ವಿಷಯ ಬರೆಯಲಾಗಲಿಲ್ಲ. ದೀಪಾಲಿ ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತಿದ್ದಳು.

"ಮುಟ್ಟು ಅಂತ ಬರೀರಿ," ಎಂದಳು. "ಏಳು ವರ್ಷಕ್ಕೆ ಮುಟ್ಟಾಗಿದ್ದು, ಅದ್ನ ನಿಲ್ಸೂಕೆ ಇರೂ ಇಂಜೆಕ್ಷನ್ ಅಂತ ಬರೀರಿ. ಓದ್ದವ್ರಿಗೆ ತಿಳೀಬೇಕು ಅಲ್ಲಾ?"

ನಾನು ಬರೆಯಲಿಲ್ಲ. ಈ ಕಾಗದ ಬೆಂಗಳೂರಿನಿಂದ ಕೆಳಗೆ ಎಷ್ಟು ಕೈ ದಾಟುತ್ತದೆ ಎಂದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಟಪಾಲು ಒಡೆಯುವವರು ಚಹಾ ಕುಡಿಯುತ್ತ ಇಂಥದನ್ನು ಹೇಗೆ ಓದಿ ಹೇಳಿಕೊಳ್ಳುತ್ತಾರೆ ಎಂದೂ ಗೊತ್ತು, ಯಾಕೆಂದರೆ ನಾನೂ ಅವರ ಜೊತೆ ಚಹಾ ಕುಡಿದಿದ್ದೇನೆ. ವಿಳಾಸದಲ್ಲಿ ಬೆಳಂಬಾರ ಎಂದು ಇರುತ್ತದೆ. ನಾಳೆ ಯಾರಾದರೂ ಬಸ್ಸಿನಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿ ನಕ್ಕರೆ? ನಮ್ಮ ಕಡೆ ಹುಡುಗಿ ದೊಡ್ಡವಳಾದಳು ಎಂದರೆ ಸಾಕು, ಅದಕ್ಕಿಂತ ಬಿಡಿಸಿ ಹೇಳುವ ರೂಢಿಯಿಲ್ಲ. ನಾನೂ ಅದನ್ನೇ ಹಿಡಿದೆ. "ವಿಷಯ: ಹೆಣ್ಣುಮಕ್ಕಳು ದೊಡ್ಡವರಾಗುವುದನ್ನು ಮುಂದೂಡುವ ಚುಚ್ಚುಮದ್ದಿನ ಸುರಕ್ಷತೆ ಕುರಿತು ಮಾಹಿತಿ ಕೋರಿ." ಒಳಗೆ ಮದ್ದಿನ ಹೆಸರನ್ನು ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದೆ, ವಯಸ್ಸು ಬರೆದೆ, ಎಲುಬಿನ ಸಂಗತಿ ಬರೆದೆ. ಬರೆದದ್ದೆಲ್ಲ ವಿಷಯದ ಸಾಲಿನ ಕೆಳಗೆ. ದೀಪಾಲಿ ಓದಿ ಸಹಿ ಹಾಕಿದಳು.

ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. ಅರ್ಜಿಯು ತಮ್ಮ ವ್ಯಾಪ್ತಿಗೆ ಬಾರದ್ದರಿಂದ ಕಲಂ ಆರು ಮೂರರಡಿ ಇಂಥ ಕಚೇರಿಗೆ ವರ್ಗಾಯಿಸಲಾಗಿದೆ. ಐದು ದಿನದಲ್ಲಿ ವರ್ಗಾಯಿಸಬೇಕೆಂದು ಕಾಯದೆಯಲ್ಲಿದೆ, ಅದನ್ನು ಯಾರು ಓದುತ್ತಾರೆ. ಮತ್ತೆ ಮೂವತ್ತು ದಿನ ಶುರು. ಜುಲೈಯಲ್ಲಿ ಒಂದು ದಪ್ಪ ಲಕೋಟೆ ಬಂದಾಗ ನಾನು ಆಸೆಯಿಂದ ಒಡೆದೆ. ಒಳಗೆ ಅಂಗನವಾಡಿ ಮಕ್ಕಳ ತೂಕದ ನಕ್ಷೆ. ದೊಡ್ಡವರಾಗುವುದು ಎಂಬುದನ್ನು ಮೇಲಿನ ಯಾವನೋ ನನ್ನಂಥವನು ಬೆಳವಣಿಗೆ ಎಂದು ಓದಿದ್ದ. ಯಾವ ವಯಸ್ಸಿಗೆ ಎಷ್ಟು ತೂಕ ಇರಬೇಕು, ಮೊಳಕೆ ಕಾಳು ಹೇಗೆ ತಿನ್ನಿಸಬೇಕು ಎಂದು ಚಿತ್ರ ಸಮೇತ ಇತ್ತು. ವಿಜೇತಾ ಆ ಚಿತ್ರಗಳಿಗೆ ಬಣ್ಣ ಹಚ್ಚಿದಳು.

ಅವಳು ಪ್ರತಿ ತಿಂಗಳೂ ನಾಲ್ಕು ದಿನ ಶಾಲೆಗೆ ಹೋಗುತ್ತಿರಲಿಲ್ಲ. ಬಾಯಿಗೆ ಬಂದ ರೋಗದ ಹೆಸರು ಹೇಳಿ ರಜೆ ಚೀಟಿ ಬರೆಯುವುದೂ ನನ್ನ ಕೆಲಸವೇ. ಹೊಟ್ಟೆ ನೋವು ಎಂದು ಮುದುಡಿ ಮಲಗಿರುತ್ತಿದ್ದಳು, ಮಧ್ಯೆ ಎದ್ದು ಗೊಂಬೆಗೆ ಜಡೆ ಹಾಕುತ್ತಿದ್ದಳು. ಆಯಿ, ಕೆಂಪು ಮಾತ್ರ ಯಾಕೆ ಬರ್ತದೆ, ಬೇರೆ ಬಣ್ಣ ಯಾಕೆ ಬರೂದಿಲ್ಲ ಎಂದು ತಾಯಿಯನ್ನು ಕೇಳಿದಳಂತೆ. ದೀಪಾಲಿ ಪ್ರತಿ ಸಲವೂ ನನ್ನ ಹತ್ತಿರ ಒಂದೇ ಮಾತು ಕೇಳುತ್ತಿದ್ದಳು, ಹೋಗುವುದು ಯಾವಾಗ ಎಂದು. ಉತ್ತರ ಬರಲಿ ಎನ್ನುತ್ತಿದ್ದೆ. ಮೇಲ್ಮನವಿ ಹಾಕಿದ್ದೇನೆ, ಈ ಸಲ ತಪ್ಪಿಸಿಕೊಳ್ಳುವಂತಿಲ್ಲ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಮೇಲ್ಮನವಿ ಬರೆಯುವಾಗ ನನಗೆ ಒಂದು ರೀತಿಯ ಖುಷಿಯೂ ಆಗಿತ್ತು. ಇಷ್ಟು ವರ್ಷ ಜನರನ್ನು ಸತಾಯಿಸಿದ ವಿದ್ಯೆಯನ್ನೆಲ್ಲ ಸರಕಾರದ ಮೇಲೆ ತಿರುಗಿಸುತ್ತಿದ್ದೇನೆ ಎನಿಸಿತ್ತು.

ಅಕ್ಟೋಬರಿನಲ್ಲಿ ಬಂದ ಕಾಗದ ಬರೀ ಅರ್ಧ ಪುಟ. ಹೆಣ್ಣುಮಕ್ಕಳ ಬೆಳವಣಿಗೆಯನ್ನು ತಡೆಯುವ ಯಾವುದೇ ಚುಚ್ಚುಮದ್ದನ್ನು ಸರಕಾರವು ನೀಡುತ್ತಿಲ್ಲ, ಅಂಥ ಕೃತ್ಯವು ಶಿಕ್ಷಾರ್ಹ, ಯಾರಾದರೂ ನೀಡುತ್ತಿದ್ದಲ್ಲಿ ಅವರ ಹೆಸರು ವಿಳಾಸ ಸಹಿತ ದೂರು ನೀಡಿರಿ. ಇದೂ ಆ ಸಾಲಿನಿಂದಲೇ ಆದ ಅನಾಹುತ ಎಂದು ನನಗೆ ತಿಳಿಯಿತು, ತಿಳಿಯದೆ ಏನು. ಆದರೆ ಹೆದರಿದವನ ಕಣ್ಣಿಗೆ ಸೀಲು ಮಾತ್ರ ಕಾಣುತ್ತದೆ. ಶಿಕ್ಷಾರ್ಹ ಎಂಬ ಶಬ್ದ ಎದೆಯಲ್ಲಿ ಕೂತುಬಿಟ್ಟಿತು. ನೋಡು, ಸರಕಾರವೇ ಹೀಗೆ ಹೇಳುತ್ತದೆ ಎಂದು ಆ ಹಾಳೆಯನ್ನು ದೀಪಾಲಿಯ ಮುಂದೆ ಹಿಡಿದೆ. ಅವಳು ಹಾಳೆ ನೋಡಲಿಲ್ಲ, ನನ್ನನ್ನೇ ನೋಡಿದಳು.

"ಡಾಕ್ಟ್ರು ಹೇಳಿದ್ದು ನಿಮ್ಗೆ ನಂಬೂಕೆ ಆಗೂದಿಲ್ಲ," ಎಂದಳು. "ನಿಮ್ಮಂಥವ್ರೇ ಎಲ್ಲೋ ಕೂತು ಬರ್ದಿದ್ದು ನಂಬೂಕೆ ಆಗ್ತದೆ."

ಡಿಸೆಂಬರಿನಲ್ಲಿ ಒಂದು ಸಂಜೆ ನಾನು ಮನೆಗೆ ಬಂದಾಗ ಬೀಗ ಹಾಕಿತ್ತು. ದೀಪಾಲಿ ಮಗಳನ್ನು ಕರೆದುಕೊಂಡು ನನಗೆ ಹೇಳದೆ ಮಂಗಳೂರಿಗೆ ಹೋಗಿದ್ದಳು. ಮರುದಿನ ಬಂದರು. ಮಗಳು ರೈಲಿನಲ್ಲಿ ತಿಂದ ಬನ್ಸಿನ ಸುದ್ದಿ ಹೇಳಿ ಆಡಲು ಓಡಿದಳು. ದೀಪಾಲಿ ಕೈಕಾಲು ತೊಳೆದು, ಅಕ್ಕಿ ತೊಳೆದಿಟ್ಟು, ಆಮೇಲೆ ಬಂದು ಎಕ್ಸರೇಯ ಕವರನ್ನು ನನ್ನ ಮುಂದೆ ಇಟ್ಟಳು. ಎಂಟು ತಿಂಗಳಲ್ಲಿ ಮಗಳ ಎಲುಬು ಎರಡು ವರ್ಷ ನಡೆದಿತ್ತು. ಹದಿಮೂರೂವರೆ. ಕೈಯ ಗೆರೆಗಳು ಹೆಚ್ಚುಕಡಿಮೆ ಮುಚ್ಚಿದ್ದವು. ಈಗ ಕೊಟ್ಟರೆ ಮುಟ್ಟು ನಿಲ್ಲಬಹುದು, ಎತ್ತರ ಸಿಗುವುದಿಲ್ಲ, ಹೆಚ್ಚೆಂದರೆ ಇನ್ನು ಎರಡಿಂಚು, ನಾಲ್ಕಡಿ ಏಳು ಇಂಚು ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳಿದರಂತೆ.

"ಅರ್ಜಿ ಹಾಕಿದ್ವು ಅಂದೆ," ಎಂದಳು ದೀಪಾಲಿ. "ಅವ್ರು ನಗ್ಲಿಲ್ಲ, ಬೈಲಿಲ್ಲ. ಹಾಂಗೇ ನೋಡ್ತಾ ಕೂತ್ರು."

ನಾನು ಅತ್ತೆ. ಅಳುವುದು ಸುಲಭ, ಅದಕ್ಕೆ ಯಾರ ಅನುಮತಿಯೂ ಬೇಡ. ದೀಪಾಲಿ ಅಳಲಿಲ್ಲ, ಒಲೆಯ ಹತ್ತಿರ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಂಗಳವಾರ ನಮ್ಮ ಕಚೇರಿಯ ಜವಾನ ದುರ್ಗಪ್ಪ ಟಪಾಲಿನ ಕಟ್ಟು ತಂದು ನನ್ನ ಮೇಜಿನ ಮೇಲೆ ಹಾಕಿದ. ರೂಢಿಯಂತೆ ಯಾರಿಂದ, ವಿಷಯ, ಯಾರಿಂದ, ವಿಷಯ ಎಂದು ನೋಡುತ್ತ ಹೋದೆ. ಏಳನೆಯದೋ ಎಂಟನೆಯದೋ ಕಾಗದದ ಮೇಲೆ ನನ್ನ ಕೈಬರಹ ಕಂಡಿತು. ಮೊದಲು ನಾನೇ ಯಾವಾಗಲೋ ಬರೆದ ಟಿಪ್ಪಣಿ ಇರಬೇಕು ಎಂದುಕೊಂಡೆ. ಹೆಣ್ಣುಮಕ್ಕಳು ದೊಡ್ಡವರಾಗುವುದನ್ನು ಮುಂದೂಡುವ. ಕೆಳಗೆ ದೀಪಾಲಿಯ ಸಹಿ. ಆರು ಕಚೇರಿಗಳ ಸ್ವೀಕೃತಿಯ ಸೀಲು ಒಂದರ ಮೇಲೊಂದು ಬಿದ್ದು ಅಂಚು ನೀಲಿಯಾಗಿತ್ತು. ಮೇಲೆ ಲಗತ್ತಿಸಿದ ಪತ್ರದಲ್ಲಿ ಎರಡು ಸಾಲು: ಅರ್ಜಿದಾರರು ತಮ್ಮ ಜಿಲ್ಲೆಯವರಾಗಿರುವುದರಿಂದ ತಮ್ಮ ಹಂತದಲ್ಲಿಯೇ ಸೂಕ್ತ ಉತ್ತರ ನೀಡಿ ವಿಲೇ ಮಾಡತಕ್ಕದ್ದು. ಮಾಹಿತಿ ಹಕ್ಕಿನ ಕಾಗದಗಳಿಗೆ ಉತ್ತರ ತಯಾರಿಸುವ ಮೇಜು ನನ್ನದು.

ನಾನು ಆ ಕಾಗದವನ್ನು ಎರಡು ದಿನ ಡ್ರಾಯರಿನಲ್ಲಿ ಇಟ್ಟೆ. ಮೂರನೇ ದಿನ ಸಾಹೇಬರೇ ಕರೆದು ಅದು ಏನಾಯಿತು ಎಂದು ಕೇಳಿದರು. ಮೇಲಿನಿಂದ ಫೋನು ಬಂದಿತ್ತು, ಅವಧಿ ಮೀರಿದೆ, ಇನ್ನು ದಂಡ ಬೀಳುತ್ತದೆ ಎಂದು. ಕಾಗದ ಕೈಗೆ ತೆಗೆದುಕೊಂಡು ಅವರು ನೋಡಿದ್ದು ಕೈಬರಹವನ್ನಲ್ಲ, ವಿಳಾಸವನ್ನು.

"ಬೆಳಂಬಾರ ಅಂದ್ರೆ ನಿಮ್ಮ ಊರೇ ಅಲ್ವಾ? ಈ ಹೆಂಗಸು ಗುರ್ತದ್ಯಾ?"

ನಾನು ಇಲ್ಲ ಸಾರ್ ಎಂದೆ. ಹೆಂಡತಿಯ ಹೆಸರು ಅವರಿಗೆ ತಿಳಿದಿರಲಿಲ್ಲ. ಗುರುತಿದೆ, ಅವಳು ನನ್ನ ಹೆಂಡತಿ, ಈ ಹುಡುಗಿ ನನ್ನ ಮಗಳು, ಏಳು ವರ್ಷಕ್ಕೆ ಮುಟ್ಟಾದವಳು, ಇದಕ್ಕೆ ಒಂದು ಉತ್ತರ ಹುಡುಕಿ ಕೊಡಿ ಸಾರ್, ಇಂಥ ಬೇರೆ ಮಕ್ಕಳೂ ಇರುತ್ತಾರೆ ಎಂದು ಹೇಳಬಹುದಿತ್ತು. ಸಾಹೇಬರು ಸ್ವತಃ ಡಾಕ್ಟರು. ಕೆಳಗಿನ ಸಾಲುಗಳನ್ನು ಓದಿಸಿದ್ದರೆ ಅವರಿಗೆ ಎರಡು ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಬೇಗ ಏನಾದರೂ ಬರೆದು ತನ್ನಿ ಎಂದು ಅವರು ಕಾಗದ ವಾಪಸು ಕೊಟ್ಟರು.

ಹೊರಗೆ ಬಂದು ಕೂತೆ. ಏನು ಬರೆಯಬೇಕು ಎಂದು ಯೋಚಿಸುವುದೇ ಬೇಕಾಗಲಿಲ್ಲ, ಕೈಗೆ ಅಭ್ಯಾಸವಿತ್ತು. ಶ್ರೀಮತಿ ದೀಪಾಲಿ ಇವರಿಗೆ, ಉಲ್ಲೇಖಿತ ಅರ್ಜಿಯಲ್ಲಿ ತಾವು ಕೇಳಿದ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಸಾಹೇಬರು ಓದದೆ ಸಹಿ ಮಾಡಿದರು. ದುರ್ಗಪ್ಪ ಸೀಲು ಹೊಡೆದು ರಜಿಸ್ಟರ್ ಪೋಸ್ಟಿಗೆ ಕೊಟ್ಟುಬಂದ.

ಮುಂದಿನ ವಾರ ಒಂದು ಸಂಜೆ ಮನೆಗೆ ಬಂದಾಗ ಆ ಲಕೋಟೆ ಒಡೆದು ಚಹಾದ ಲೋಟದ ಪಕ್ಕದಲ್ಲಿ ಇತ್ತು. ವಿಜೇತಾ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಆಗ ಮೂರನೇ ಇಯತ್ತೆ, ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುವ ವಯಸ್ಸು. ಕಾಗದ ತೆಗೆದುಕೊಂಡು ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದಳು. ಉಲ್ಲೇಖಿತ ಎನ್ನುವಲ್ಲಿ ತಡವರಿಸಿದಳು, ದಾಟಿ ಹೋದಳು. ಲ, ಭ್ಯ, ವಿ, ರು ಎಂದು ಬಿಡಿಬಿಡಿಯಾಗಿ ಹೇಳಿ, ತಲೆ ಎತ್ತಿ ಕೇಳಿದಳು.

"ಅಪ್ಪಾ, ಲಭ್ಯ ಅಂದ್ರೆ ಎಂತ?"

ನಾನು ಚಹಾದ ಲೋಟ ಎತ್ತಿಕೊಂಡೆ. ದೀಪಾಲಿ ಒಳಗಿನಿಂದ ಬಂದು ಮಗಳ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿದಳು. ಜಟ್ಟುವಿನ ಕಥೆಯನ್ನು ನಾನು ಮದುವೆಯಾದ ಹೊಸತರಲ್ಲಿ, ಕಚೇರಿಯ ತಮಾಷೆ ಎಂದು ಅವಳಿಗೆ ಹೇಳಿದ್ದೆ. ಅವಳು ಮರೆತಿರಲಿಲ್ಲ.

"ಇದೇ ಸಾಲು ಅಲ್ವಾ," ಎಂದಳು, "ಆ ಹಿಲ್ಲೂರಿನವ್ಗೆ ಬರ್ದಿದ್ದು."

ಕಾಗದವನ್ನು ಎಕ್ಸರೇಯ ಕವರಿನೊಳಗೆ ಇಟ್ಟಳು. ಆ ದಿನದಿಂದ ಅವಳು ನನ್ನ ಹತ್ತಿರ ಮಗಳ ಬಗ್ಗೆ ಯಾವ ಪ್ರಶ್ನೆಯನ್ನೂ ಕೇಳಿಲ್ಲ. ಹೇಳಬೇಕಾದ್ದನ್ನು ಹೇಳುತ್ತಾಳೆ, ಅಷ್ಟೇ.

ಪ್ರಾರ್ಥನೆಯ ಸಾಲು ಬದಲಾಗುವುದನ್ನು ನಾನು ವರ್ಷ ವರ್ಷ ನೋಡಿದೆ. ಮೂರನೇ ಇಯತ್ತೆಯಲ್ಲೂ ಅವಳು ಹಿಂದೆಯೇ ಇದ್ದಳು. ನಾಲ್ಕರಲ್ಲಿ ನಡುವೆ ಬಂದಳು. ಎರಡು ಸಾವಿರದ ಒಂಬತ್ತರ ಆಗಸ್ಟ್ ಹದಿನೈದಕ್ಕೆ ಅವಳು ಆರನೇ ಇಯತ್ತೆ, ಹನ್ನೊಂದು ತುಂಬುತ್ತಿತ್ತು. ಧ್ವಜವಂದನೆ ನೋಡಲು ಹೋಗಿದ್ದೆ. ಕೊನೆಯಿಂದ ಹುಡುಕುತ್ತ ಬಂದೆ, ಹಳೆಯ ಅಭ್ಯಾಸ. ಮುಂದಿನಿಂದ ಎರಡನೆಯವಳಾಗಿ ನಿಂತಿದ್ದಳು. ಎದೆಯ ಮೇಲೆ ವೇಲು ಹೊದ್ದ, ಮುಖ ಬಲಿತ, ಚಿಕ್ಕ ಹೆಂಗಸಿನ ಹಾಗೆ. ಅವಳ ಹಿಂದೆ ನಿಂತಿದ್ದವರು ಎರಡನೇ ಇಯತ್ತೆಯಲ್ಲಿ ಅವಳ ಭುಜಕ್ಕೆ ಬರುತ್ತಿದ್ದ ಹುಡುಗಿಯರು. ಅದರಲ್ಲಿ ಒಬ್ಬಳು ಅವಳ ತಲೆಯ ಮೇಲೆ ಮೊಣಕೈ ಊರುವ ಹಾಗೆ ಮಾಡಿ ಪಕ್ಕದವಳಿಗೆ ತೋರಿಸಿ ನಕ್ಕಳು. ವಿಜೇತಾ ತಿರುಗಿ ನೋಡಲಿಲ್ಲ, ನೇರ ನಿಂತು ಹಾಡುತ್ತಿದ್ದಳು.

ಮನೆಗೆ ಬರುವಾಗ ಇಬ್ಬರೂ ನಡೆದೇ ಬಂದೆವು. ಶಾಲೆಯಲ್ಲಿ ಕೊಟ್ಟ ಪೇಪರಮಿಂಟು ಅವಳ ಬಾಯಲ್ಲಿತ್ತು. ಗದ್ದೆಯ ಅಂಚಿನಲ್ಲಿ ನನ್ನ ಮುಂದೆ ನಡೆಯುತ್ತಿದ್ದವಳು ತಿರುಗದೆ ಕೇಳಿದಳು.

"ಅಪ್ಪಾ, ನಾ ಇನ್ನು ಉದ್ದ ಆಗೂದೇ ಇಲ್ವಾ?"

ನನಗೆ ಉತ್ತರ ಪೂರ್ತಿ ಗೊತ್ತಿತ್ತು. ಯಾವ ತಿಂಗಳಲ್ಲಿ ಏನು ಆಗಬೇಕಿತ್ತು, ಯಾರು ಮಾಡಲಿಲ್ಲ, ಯಾಕೆ ಮಾಡಲಿಲ್ಲ, ಅವಳ ಎತ್ತರ ಎಷ್ಟಕ್ಕೆ ನಿಲ್ಲುತ್ತದೆ, ಎಲ್ಲವೂ. ಲೋಕದಲ್ಲಿ ಇನ್ಯಾರ ಹತ್ತಿರ ಇಲ್ಲದಿದ್ದರೂ ನನ್ನ ಹತ್ತಿರ ಆ ಮಾಹಿತಿ ಇತ್ತು. ಬಾಯಿ ತೆರೆದೆ.

"ಗೊತ್ತಿಲ್ಲ ಮಗಾ," ಎಂದೆ.

ಅವಳು ಪೇಪರಮಿಂಟನ್ನು ಕಟಕಟ ಎಂದು ಕಡಿದು ನುಂಗಿದಳು.

"ಆಯಿ ನಂಗೆ ಎಲ್ಲಾ ಹೇಳಿದ್ಳು," ಎಂದಳು. "ಆ ಕಾಗ್ದಾನೂ ತೋರ್ಸಿದ್ಳು. ನೀ ಹೇಳ್ತ್ಯಾ ಇಲ್ವಾ ನೋಡೂಕೆ ಕೇಳ್ದೆ."

ಆಮೇಲೆ ವೇಲು ಸರಿಮಾಡಿಕೊಂಡು, ನನಗಾಗಿ ಕಾಯದೆ, ಬೇಗ ಬೇಗ ಮನೆಯ ಕಡೆ ನಡೆದಳು.